ಎನ್‌ಐಟಿ ಪಂದ್ಯ ಶುರುವಾಗುವ ಮುನ್ನ ನೋಡಬೇಕಾದ್ದು

ಮಾರ್ಚ್ ಮಧ್ಯದ ಭಾನುವಾರ ಸಂಜೆ ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಪುರುಷರ ಬ್ಯಾಸ್ಕೆಟ್‌ಬಾಲ್‌ನ ತನ್ನ ಮುಖ್ಯ ಟೂರ್ನಿಗೆ 68 ತಂಡಗಳ ಪಟ್ಟಿ ಪ್ರಕಟಿಸುತ್ತದೆ. ಅದೇ ರಾತ್ರಿ ಇನ್ನೊಂದು ಪಟ್ಟಿಯೂ ಹೊರಬೀಳುತ್ತದೆ. ಅದರಲ್ಲಿರುವುದು ಮೊದಲ ಪಟ್ಟಿಗೆ ಸಲ್ಲದ 32 ತಂಡಗಳು, ಹೆಸರು ನ್ಯಾಷನಲ್ ಇನ್ವಿಟೇಷನ್ ಟೂರ್ನಮೆಂಟ್, ಅಂದರೆ ಎನ್‌ಐಟಿ. ಋತುವಿನ ಅಂಕಿಅಂಶ ಹಿಡಿದುಕೊಂಡು ಇದರ ಫಲಿತಾಂಶ ಊಹಿಸಲು ಕೂತವರು ಮೊದಲ ಸುತ್ತಿನಲ್ಲೇ ಎಡವುತ್ತಾರೆ. ಆ ಅಂಕಿಅಂಶ ಗಳಿಸಿದ ತಂಡವೇ ಅಂಕಣಕ್ಕೆ ಇಳಿಯುತ್ತದೆ ಎಂಬ ಖಾತ್ರಿ ಇಲ್ಲಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಯಾರು ಬಂದಿದ್ದಾರೆ, ಯಾರು ಬೇಡ ಎಂದಿದ್ದಾರೆ ಎಂಬುದನ್ನು. ಎನ್‌ಸಿಎಎ ಕರೆಯನ್ನು ಯಾರೂ ತಿರಸ್ಕರಿಸುವುದಿಲ್ಲ, ಎನ್‌ಐಟಿ ಕರೆಯನ್ನು ಪ್ರತಿ ವರ್ಷ ಕೆಲವರು ತಿರಸ್ಕರಿಸುತ್ತಾರೆ. 2025ರವರೆಗೆ ಇದಕ್ಕೆ ಮುಖ್ಯ ಕಾರಣವಾಗಿದ್ದದ್ದು ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಲು ಇಚ್ಛಿಸುವ ಆಟಗಾರರು ಹೆಸರು ನೋಂದಾಯಿಸುವ ವ್ಯವಸ್ಥೆ. 2024ರಲ್ಲಿ ಅದು ಪಟ್ಟಿ ಪ್ರಕಟವಾದ ಮರುದಿನವೇ, ಮಾರ್ಚ್ 18ಕ್ಕೆ ತೆರೆಯಿತು. ಎನ್‌ಐಟಿ ಶುರುವಾದದ್ದು 19ಕ್ಕೆ. ಕೋಚ್ ಒಂದು ಕಡೆ ಎದುರಾಳಿಯ ವಿಡಿಯೊ ನೋಡಬೇಕಿತ್ತು, ಇನ್ನೊಂದು ಕಡೆ ಮುಂದಿನ ವರ್ಷದ ತಂಡಕ್ಕೆ ಆಟಗಾರರನ್ನು ಹುಡುಕಬೇಕಿತ್ತು, ಜೊತೆಗೆ ತನ್ನವರು ಬಿಟ್ಟುಹೋಗದಂತೆಯೂ ನೋಡಿಕೊಳ್ಳಬೇಕಿತ್ತು. ಇಬ್ಬರು ಮುಖ್ಯ ಆಟಗಾರರು ಪೋರ್ಟಲ್‌ಗೆ ಹೆಸರು ಕೊಟ್ಟರೆ ಎರಡನೇ ಸೀಡ್‌ನ (ಸೀಡ್ ಅಂದರೆ ಬಲ ನೋಡಿ ಟೂರ್ನಿಯಲ್ಲಿ ಕೊಡುವ ಕ್ರಮಾಂಕ) ತಂಡವೂ ನಾಲ್ಕನೇ ಸೀಡ್‌ನ ಮಟ್ಟಕ್ಕೆ ಇಳಿಯುತ್ತಿತ್ತು. ಕೋಚ್ ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದರೆ ಸಹಾಯಕನೇ ತಂಡ ನಡೆಸುತ್ತಾನೆ. ಸಣ್ಣ ಗಾಯವಿದ್ದವನನ್ನು ಮುಖ್ಯ ಟೂರ್ನಿಯಲ್ಲಾದರೆ ಹೇಗೋ ಇಳಿಸುತ್ತಿದ್ದರು, ಇಲ್ಲಿ ಕೂರಿಸಿಬಿಡುತ್ತಾರೆ. ಆದ್ದರಿಂದ ಪಂದ್ಯದ ದಿನ ರ‍್ಯಾಂಕಿಂಗ್ ತೆಗೆದು ನೋಡುವುದಕ್ಕಿಂತ ಆರಂಭದ ಐವರ ಹೆಸರನ್ನು ಕಳೆದ ತಿಂಗಳ ಐವರೊಂದಿಗೆ ಹೋಲಿಸಿ ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಅಂಕಣ. ಎನ್‌ಸಿಎಎ ಪಂದ್ಯಗಳು ತಟಸ್ಥ ಸ್ಥಳಗಳಲ್ಲಿ ನಡೆಯುತ್ತವೆ. ಎನ್‌ಐಟಿಯ ಮೊದಲ ಮೂರು ಸುತ್ತುಗಳು ಸಾಮಾನ್ಯವಾಗಿ ಮೇಲಿನ ಸೀಡ್‌ನ ತಂಡದ ತವರಿನಲ್ಲಿ. ಇದು ದೊಡ್ಡ ಅನುಕೂಲವೇ, ಆದರೆ ಇದಕ್ಕೂ ತೂತುಗಳಿವೆ. ಮಾರ್ಚ್‌ನಲ್ಲಿ ಎಷ್ಟೋ ಕಾಲೇಜುಗಳಿಗೆ ವಸಂತದ ರಜೆ, ಗದ್ದಲ ಎಬ್ಬಿಸುವ ವಿದ್ಯಾರ್ಥಿಗಳ ಸಾಲುಗಳೇ ಖಾಲಿ ಹೊಡೆಯುತ್ತವೆ. ಕ್ರೀಡಾಂಗಣ ಬೇರೆ ಕಾರ್ಯಕ್ರಮಕ್ಕೆ ಮೊದಲೇ ಬುಕ್ ಆಗಿದ್ದರೆ ಮೇಲಿನ ಸೀಡ್‌ನವರೇ ಎದುರಾಳಿಯ ಊರಿಗೆ ಪ್ರಯಾಣ ಮಾಡಬೇಕಾದೀತು. ಭಾನುವಾರ ಪಟ್ಟಿ, ಮಂಗಳವಾರವೋ ಬುಧವಾರವೋ ಪಂದ್ಯ. ದೂರದಿಂದ ಬರುವ ತಂಡಕ್ಕೆ ಅಭ್ಯಾಸಕ್ಕೆ ಸಿಗುವುದು ಒಂದೇ ಒಂದು ದಿನ.

ಸೆಮಿಫೈನಲ್ ಹೊತ್ತಿಗೆ ತವರಿನ ಲೆಕ್ಕ ಮುಗಿಯುತ್ತದೆ. ದಶಕಗಳ ಕಾಲ ಆ ಪಂದ್ಯಗಳ ಜಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಆಗಿತ್ತು. 2023ರಲ್ಲಿ ಲಾಸ್ ವೇಗಸ್‌ಗೆ, 2024 ಮತ್ತು 2025ರಲ್ಲಿ ಇಂಡಿಯಾನಾಪೊಲಿಸ್‌ನ ಹಿಂಕಲ್ ಫೀಲ್ಡ್‌ಹೌಸ್‌ಗೆ ಹೋದವು. ಗಾರ್ಡನ್ ಕೈಬಿಟ್ಟದ್ದು ಟೂರ್ನಿಗೆ ಆದ ದೊಡ್ಡ ನಷ್ಟ ಎಂಬುದೇ ನನ್ನ ಮತ. ಬೇರೆ ಯಾವ ಆಕರ್ಷಣೆ ಇಲ್ಲದಿದ್ದರೂ ಅಲ್ಲಿ ಆಡುವ ಆಸೆಯೊಂದು ಇತ್ತು.

ಮೊದಲು ಇದು ಎರಡನೇ ದರ್ಜೆಯ ಟೂರ್ನಿ ಆಗಿರಲೇ ಇಲ್ಲ. 1938ರಲ್ಲಿ, ಎನ್‌ಸಿಎಎ ಟೂರ್ನಿಗಿಂತ ಒಂದು ವರ್ಷ ಮೊದಲೇ, ಆರು ತಂಡಗಳೊಂದಿಗೆ ಶುರುವಾಯಿತು. ಆ ಫೈನಲ್‌ನಲ್ಲಿ ಟೆಂಪಲ್ ತಂಡ ಕೊಲರಾಡೊವನ್ನು 60-36ರಿಂದ ಸೋಲಿಸಿತು. 1950ರಲ್ಲಿ ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್ ಒಂದೇ ಋತುವಿನಲ್ಲಿ ಎರಡೂ ಟೂರ್ನಿಗಳನ್ನು ಗೆದ್ದಿತು, ಎರಡೂ ಫೈನಲ್‌ಗಳಲ್ಲಿ ಬ್ರಾಡ್ಲಿ ತಂಡವನ್ನೇ ಮಣಿಸಿ. 1970ರಲ್ಲಿ ಮಾರ್ಕೆಟ್ ವಿಶ್ವವಿದ್ಯಾಲಯದ ತಂಡದ ಕೋಚ್ ಆಲ್ ಮೆಗ್ವೈರ್, ಎನ್‌ಸಿಎಎ ತಮ್ಮನ್ನು ಹಾಕಿದ ವಿಭಾಗ ಹಿಡಿಸದೆ, ಆ ಕರೆಯನ್ನೇ ಒಲ್ಲೆ ಎಂದು ಎನ್‌ಐಟಿ ಆಡಿ ಗೆದ್ದರು. ಆಮೇಲೆ ಎನ್‌ಸಿಎಎ ತನ್ನ ಕರೆ ಬಂದ ತಂಡ ಬೇರೆಡೆ ಆಡುವಂತಿಲ್ಲ ಎಂದು ನಿಯಮ ಮಾಡಿತು, 1975ರಲ್ಲಿ ತನ್ನ ತಂಡಗಳನ್ನು 32ಕ್ಕೆ ಏರಿಸಿತು. ಎನ್‌ಐಟಿಗೆ ಉಳಿದದ್ದು ಮಿಕ್ಕವರು. ಟೂರ್ನಿ ನಡೆಸುತ್ತಿದ್ದ ನ್ಯೂಯಾರ್ಕಿನ ಐದು ಕಾಲೇಜುಗಳು ಮೊಕದ್ದಮೆ ಹೂಡಿದವು. 2005ರಲ್ಲಿ ಎನ್‌ಸಿಎಎ ಒಟ್ಟು 5 ಕೋಟಿ 65 ಲಕ್ಷ ಡಾಲರ್ ಕೊಟ್ಟು ಟೂರ್ನಿಯನ್ನೂ ಕೊಂಡಿತು, ವ್ಯಾಜ್ಯವನ್ನೂ ಮುಗಿಸಿತು.

ಕೊಂಡದ್ದನ್ನು ಅದು ಹೊಸ ನಿಯಮಗಳ ಪ್ರಯೋಗಶಾಲೆಯಾಗಿ ಬಳಸುತ್ತದೆ, ಎನ್‌ಐಟಿಯ ನಿಜವಾದ ರುಚಿ ಇರುವುದು ಅಲ್ಲೇ. 2015ರಲ್ಲಿ ಶಾಟ್ ಕ್ಲಾಕ್ ಅನ್ನು, ಅಂದರೆ ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲೇಬೇಕಾದ ಅವಧಿಯನ್ನು, 35 ಸೆಕೆಂಡಿನಿಂದ 30ಕ್ಕೆ ಇಳಿಸಿ ನೋಡಿದರು, ಮುಂದಿನ ಋತುವಿನಲ್ಲಿ ಅದೇ ಎಲ್ಲರ ನಿಯಮವಾಯಿತು. 2018ರ ಪ್ರಯೋಗ ಇನ್ನೂ ದೊಡ್ಡದು. ಆಚೆಯಿಂದ ಎಸೆದು ಬುಟ್ಟಿಗೆ ಹಾಕಿದರೆ ಮೂರು ಅಂಕ ಸಿಗುವ ತ್ರೀ ಪಾಯಿಂಟ್ ಗೆರೆಯನ್ನು 20 ಅಡಿ 9 ಇಂಚಿನಿಂದ 22 ಅಡಿ 1¾ ಇಂಚಿಗೆ ಹಿಂದೆ ಸರಿಸಿದರು. ಬುಟ್ಟಿಯ ಮುಂದಿನ ಲೇನ್ 12 ಅಡಿಯಿಂದ 16 ಅಡಿಗೆ ಅಗಲವಾಯಿತು. ದಾಳಿ ಮಾಡುವ ತಂಡ ತನ್ನದೇ ತಪ್ಪಿದ ಚೆಂಡನ್ನು ರಿಬೌಂಡ್ ಹಿಡಿದರೆ ಗಡಿಯಾರ ಪೂರ್ತಿ 30ಕ್ಕೆ ಮರಳದೆ 20ಕ್ಕೆ ನಿಂತಿತು. 20 ನಿಮಿಷದ ಎರಡು ಅರ್ಧಗಳ ಬದಲು 10 ನಿಮಿಷದ ನಾಲ್ಕು ಕ್ವಾರ್ಟರ್‌ಗಳು ಬಂದವು.

ಕ್ವಾರ್ಟರ್‌ನಿಂದ ನಿಜವಾಗಿ ಬದಲಾಗುವುದು ಫೌಲ್ ಲೆಕ್ಕ. ಎಂದಿನ ಪದ್ಧತಿಯಲ್ಲಿ ಒಂದು ತಂಡ ಮೊದಲ ಎಂಟು ನಿಮಿಷದಲ್ಲೇ ಆರು ಫೌಲ್ ಮಾಡಿತು ಎನ್ನಿ. ಉಳಿದ 12 ನಿಮಿಷ ಸಣ್ಣ ಕೈತಾಗುಗೂ ಎದುರಾಳಿಗೆ ಫ್ರೀ ಥ್ರೋ, ಅಂದರೆ ಯಾರೂ ತಡೆಯದೆ ಬುಟ್ಟಿಗೆ ಎಸೆಯುವ ಅವಕಾಶ, ಸಿಗುತ್ತದೆ, ಆಟ ಫ್ರೀ ಥ್ರೋ ಗೆರೆಯ ಬಳಿಯೇ ನಿಂತುಬಿಡುತ್ತದೆ. ಪ್ರಯೋಗದಲ್ಲಿ ಐದನೇ ಫೌಲ್‌ನಿಂದ ಎರಡು ಫ್ರೀ ಥ್ರೋ, ಕ್ವಾರ್ಟರ್ ಮುಗಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ತ್ರೀ ಪಾಯಿಂಟ್ ಗೆರೆ ಮತ್ತು 20 ಸೆಕೆಂಡಿನ ನಿಯಮ 2019-20ರ ಋತುವಿಗೆ ಅಂಗೀಕಾರವಾದವು. ಲೇನ್ 12 ಅಡಿಯಲ್ಲೇ ಉಳಿಯಿತು, ಪುರುಷರ ಆಟದಲ್ಲಿ ಎರಡು ಅರ್ಧಗಳೂ ಉಳಿದವು. ಮಹಿಳೆಯರ ಆಟಕ್ಕೆ 2015-16ರಲ್ಲೇ ಕ್ವಾರ್ಟರ್ ಬಂದಿರುವಾಗ ಇವರು ಇನ್ನೂ ಹಿಂಜರಿಯುವುದು ಹಟವಷ್ಟೆ.

ಇನ್ನು ಆಹ್ವಾನದ ನಿಯಮ. ತನ್ನ ಕಾನ್ಫರೆನ್ಸ್‌ನಲ್ಲಿ, ಅಂದರೆ ಹೆಚ್ಚಾಗಿ ತಮ್ಮೊಳಗೇ ಆಡುವ ಕಾಲೇಜುಗಳ ಗುಂಪಿನಲ್ಲಿ, ಋತುವಿಡೀ ಮೊದಲ ಸ್ಥಾನದಲ್ಲಿದ್ದು ಕೊನೆಯ ಕಾನ್ಫರೆನ್ಸ್ ಟೂರ್ನಿಯಲ್ಲಿ ಸೋತ ಸಣ್ಣ ತಂಡಕ್ಕೆ 2023ರವರೆಗೆ ಇಲ್ಲಿ ಜಾಗ ಖಚಿತವಿತ್ತು. 2024ರಲ್ಲಿ ಅದನ್ನು ತೆಗೆದು ಆರು ದೊಡ್ಡ ಕಾನ್ಫರೆನ್ಸ್‌ಗಳ ತಲಾ ಎರಡು ತಂಡಗಳಿಗೆ, ಮೊದಲ ಸುತ್ತು ತವರಿನಲ್ಲೇ ಎಂಬ ಭರವಸೆಯೊಂದಿಗೆ, ಜಾಗ ಕೊಟ್ಟರು. ದೊಡ್ಡ ಹೆಸರುಗಳನ್ನು ಹಿಡಿದಿಟ್ಟುಕೊಳ್ಳುವ ಯತ್ನ ಅದು. ಹಾಗಿದ್ದೂ ಆ ವರ್ಷ ಹೆಚ್ಚು ಮಾತಾದದ್ದು 28 ಗೆದ್ದು 6 ಸೋತಿದ್ದರೂ ಮುಖ್ಯ ಟೂರ್ನಿಗೆ ಸಲ್ಲದ ಇಂಡಿಯಾನಾ ಸ್ಟೇಟ್ ಬಗ್ಗೆ. ಅವರು ಫೈನಲ್‌ವರೆಗೆ ಬಂದು ಸೀಟನ್ ಹಾಲ್‌ಗೆ 79-77ರಲ್ಲಿ ಸೋತರು.

2025ರಲ್ಲಿ ಫಾಕ್ಸ್ ವಾಹಿನಿಯ ಬೆಂಬಲದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಕ್ರೌನ್ ಎಂಬ 16 ತಂಡಗಳ ಟೂರ್ನಿ ಲಾಸ್ ವೇಗಸ್‌ನಲ್ಲಿ ಶುರುವಾಗಿ, ಬಿಗ್ ಟೆನ್, ಬಿಗ್ 12, ಬಿಗ್ ಈಸ್ಟ್ ಎಂಬ ದೊಡ್ಡ ಕಾನ್ಫರೆನ್ಸ್‌ಗಳ ಕಡೆಯ ತಂಡಗಳನ್ನು ಸೆಳೆಯಿತು. ಅಲ್ಲಿ ಆಟಗಾರರಿಗೆ ಹಣವೂ ಇತ್ತು. ಅದೇ ವರ್ಷದ ಎನ್‌ಐಟಿ ಫೈನಲ್‌ಗೆ ಬಂದವು ಚಾಟನೂಗ ಮತ್ತು ಯುಸಿ ಅರ್ವೈನ್, ಎರಡೂ ಸಣ್ಣ ಕಾನ್ಫರೆನ್ಸ್‌ಗಳ ತಂಡಗಳು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು, ಚಾಟನೂಗ 85-84ರಲ್ಲಿ ಗೆದ್ದಿತು.