ಕೇಗೊ ಅಭ್ಯಾಸ: ಕೋಷ್ಟಕ ಮುಗಿಯಿತು, ಫೋನ್ ಮಾತು ಶುರುವಾಯಿತು

ಜಪಾನಿ ಗೌರವಭಾಷೆ ಕೇಗೊವಿನ ಕ್ರಿಯಾಪದಗಳ ಕೋಷ್ಟಕ ಈ ತಿಂಗಳು ಬಾಯಿಗೆ ಬಂತು. ತಿನ್ನುವುದಕ್ಕೆ ಮಾಮೂಲಿ ಪದ ತಬೇರು. ಹಿರಿಯರು ತಿಂದರೆ ಮೆಶಿಅಗರು, ನಾನು ತಿಂದರೆ ಇತದಕು. ನೋಡುವುದಕ್ಕೆ ಮಿರು, ಗೊರನ್ ನಿ ನರು, ಹೈಕೆನ್ ಸುರು. ಮಗ್ಗಿ ಉರುಹೊಡೆದವರಿಗೆ ಇದು ದೊಡ್ಡ ವಿಷಯವಲ್ಲ.

ತೊಡಕಿರುವುದು ವಿನಯದ ಮಾತಿನಲ್ಲಿ, ಅಂದರೆ ಇತದಕುವಿನಂತೆ ತನ್ನನ್ನು ತಗ್ಗಿಸಿಕೊಂಡು ಹೇಳುವ ಮಾತಿನಲ್ಲಿ. ಮೊದಲು ಕೇಗೊವನ್ನು ಮೂರು ಬಗೆಯಾಗಿ ಕಲಿಸುತ್ತಿದ್ದರು. ಜಪಾನಿನ ಸಂಸ್ಕೃತಿ ವ್ಯವಹಾರಗಳ ಮಂಡಳಿ 2007ರಲ್ಲಿ ಕೊಟ್ಟ ಮಾರ್ಗಸೂಚಿ ಅದನ್ನು ಐದು ಮಾಡಿತು. ವಿನಯದ ಮಾತೇ ಎರಡು ಹೋಳಾಯಿತು. ಪಂಡಿತರಿಗೆ ಬೇರೆ ಕೆಲಸವಿರಲಿಲ್ಲವೇ ಎಂದುಕೊಂಡಿದ್ದೆ. ಈಗ ಆ ವಿಂಗಡಣೆಯೇ ನನಗೆ ಊರುಗೋಲು. 'ಹೋಗುತ್ತೇನೆ' ಎಂದು ವಿನಯದಿಂದ ಹೇಳಲು ಉಕಗೌ ಇದೆ, ಮೈರು ಇದೆ. ಗುರುಗಳ ಮನೆಗಾದರೆ ಎರಡೂ ಸಲ್ಲುತ್ತವೆ. ತಮ್ಮನ ಮನೆಗೆ ಹೋಗುವಾಗ ಉಕಗೌ ಎಂದರೆ ತಮ್ಮನಿಗೇ ಮಣೆ ಹಾಕಿದಂತಾಗುತ್ತದೆ. ಅಲ್ಲಿ ಮೈರು ಮಾತ್ರ. ಉಕಗೌ ತಲೆಬಾಗುವುದು ನಾವು ಯಾರಲ್ಲಿಗೆ ಹೋಗುತ್ತೇವೆಯೋ ಅವರಿಗೆ, ಮೈರು ತಲೆಬಾಗುವುದು ಮಾತು ಕೇಳುತ್ತಿರುವವರಿಗೆ. ಜಪಾನಿನ ರೈಲು ನಿಲ್ದಾಣಗಳಲ್ಲಿ 'ದೆನ್ಶ ಗ ಮೈರಿಮಸು', ಅಂದರೆ ರೈಲು ಬರುತ್ತಿದೆ, ಎಂದು ಕೂಗುವುದೂ ಇದೇ ಲೆಕ್ಕದಲ್ಲಿ. ರೈಲಿಗೆಲ್ಲಿಯ ವಿನಯ! ಅದು ಪ್ಲಾಟ್‌ಫಾರಂ ಮೇಲೆ ಕಾಯುತ್ತಿರುವವರಿಗೆ ಸಲ್ಲುವ ಮರ್ಯಾದೆ.

ಈ ವಾರದಿಂದ ಕಚೇರಿಯ ಫೋನ್ ಸಂಭಾಷಣೆ ಹಿಡಿದಿದ್ದೇನೆ. ಇಲ್ಲಿ ಕನ್ನಡದ ಅಭ್ಯಾಸ ಅಡ್ಡ ಬರುತ್ತದೆ. ನಮ್ಮಲ್ಲಿ ಯಾರು ಕೇಳಿದರೂ 'ತಂದೆಯವರು ಊರಿನಲ್ಲಿಲ್ಲ' ಎನ್ನುತ್ತೇವೆ. ಹಿರಿಯರು ಯಾರೆದುರಿಗೂ ಹಿರಿಯರೇ. ಜಪಾನಿನಲ್ಲಿ ಹೊರಗಿನವರೊಡನೆ ಮಾತನಾಡುವಾಗ ತನ್ನ ತಂದೆ ಬರಿಯ ಚಿಚಿ, ಅಂದರೆ ಗೌರವ ಸೇರಿಸದ 'ಅಪ್ಪ'. ಮೇಲಧಿಕಾರಿಯ ಹೆಸರು 'ತನಕ' ಎಂದಿಟ್ಟುಕೊಳ್ಳಿ. ಅವರನ್ನು ಗ್ರಾಹಕರು ಕೇಳಿದರೆ, ಹೆಸರಿನ ಕೊನೆಗೆ ಗೌರವಕ್ಕೆ ಸೇರಿಸುವ 'ಸನ್' ಬಿಟ್ಟು, 'ತನಕ ವ ಸೆಕಿ ಒ ಹಜುಶಿತೆ ಒರಿಮಸು' ಎನ್ನಬೇಕು: ತನಕ ತಮ್ಮ ಜಾಗದಲ್ಲಿಲ್ಲ ಎಂದು, ಅದೂ ವಿನಯದ ಕ್ರಿಯಾಪದ ಹಾಕಿ. ಅದೇ ಅಧಿಕಾರಿಯ ಹೆಂಡತಿ ಫೋನ್ ಮಾಡಿದರೆ ಗೌರವವೆಲ್ಲ ಹಿಂದಿರುಗುತ್ತದೆ. ಹೆಸರಿನ ಕೊನೆಗೆ 'ಸನ್' ಇಲ್ಲದೆ ಹೇಳುವಾಗ ನನಗೆ ಇನ್ನೂ ಗಂಟಲು ಕಟ್ಟುತ್ತದೆ.

ಇದಕ್ಕೆಂದು ನೋಟ್‌ಪುಸ್ತಕದ ರೂಪ ಬದಲಿಸಿದ್ದೇನೆ. ಪದಪಟ್ಟಿ ಕೈಬಿಟ್ಟು, ಪ್ರತಿ ವಾಕ್ಯದ ಪಕ್ಕದಲ್ಲಿ ಮಾಡುವವರು ಯಾರು, ಯಾರಿಗಾಗಿ, ಕೇಳುತ್ತಿರುವವರು ಯಾರು ಎಂದು ಬರೆಯುತ್ತೇನೆ. ಕೇಳುವವರನ್ನಷ್ಟೇ ಬದಲಿಸಿ ಅದೇ ವಾಕ್ಯವನ್ನು ಮತ್ತೆ ಕಟ್ಟುತ್ತೇನೆ. ನಿಧಾನದ ಕೆಲಸ, ಆದರೆ ಫೋನಿನ ಮಾತು ಇದರಿಂದಲೇ ಕುದುರುತ್ತಿದೆ.

ಮುಂದಿನದು ಜೋಡಿ ಗೌರವ. 'ಒಯೊಮಿ ನಿ ನರು' ಎಂದರೇ 'ಓದುತ್ತಾರೆ' ಎಂಬುದಕ್ಕೆ ಗೌರವ ಬಂದಾಯಿತು. ಮೇಲೊಂದು ಸೇರಿಸಿ 'ನರರೇರು' ಎಂದರೆ ಅತಿ. ಆದರೆ 'ಒಮೆಶಿಅಗರಿ ನಿ ನರು' ಕೂಡ ಜೋಡಿ ಗೌರವವೇ ಆಗಿದ್ದರೂ ರೂಢಿಯಲ್ಲಿ ನೆಲೆಯೂರಿದೆ ಎಂದು ಅದೇ ಮಾರ್ಗಸೂಚಿ ಒಪ್ಪಿಕೊಂಡಿದೆ. ಇಂಥ ವಿನಾಯಿತಿಗಳನ್ನು ಮೊದಲು ಕಲಿಯುವ ಯೋಚನೆಯಿದೆ. ನಿಯಮವನ್ನು ಅವೇ ಬೇಗ ಕಲಿಸುತ್ತವೆ ಎಂಬುದು ನನ್ನ ಅಂದಾಜು.