ಅತ್ತೂರಿನ ಸಂತ ಮತ್ತು ಅವನ ಲೆಕ್ಕದ ಪುಸ್ತಕ

ಜನವರಿ ಕೊನೆಯ ವಾರ ಕಾರ್ಕಳದ ಕಡೆಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರೂ ಅತ್ತೂರಿಗೆ. ಸಂತ ಲಾರೆನ್ಸರ ಬಸಿಲಿಕಾದ ಜಾತ್ರೆ, ನಮ್ಮ ಕಡೆಯವರ ಬಾಯಲ್ಲಿ ಸಾಂತ್‌ಮಾರಿ. ಬರುವವರು ಕ್ರೈಸ್ತರು ಮಾತ್ರ ಅಲ್ಲ. ಹಿಂದೂಗಳು, ಜೈನರು, ಮುಸ್ಲಿಮರು, ಲಕ್ಷಗಟ್ಟಲೆ ಜನ. ಕೈಯಲ್ಲಿ ಹೂವು, ಮೇಣದ ಬತ್ತಿ. ಹೊರಗೆ ಬಳೆ ಅಂಗಡಿ, ಮಿಠಾಯಿ, ಬಲೂನು, ಚುರುಮುರಿ. ಒಳಗೆ ಒಂದರ ಹಿಂದೆ ಒಂದು ಬಲಿಪೂಜೆ, ಅಂದರೆ ಕ್ರೈಸ್ತರ ಮಾಸ್, ಕೊಂಕಣಿಯಲ್ಲಿ, ಕನ್ನಡದಲ್ಲಿ. 2016ರಲ್ಲಿ ಈ ಇಗರ್ಜಿಗೆ, ಅಂದರೆ ಚರ್ಚಿಗೆ, ಪೋಪರು ಕೆಲವೇ ಚರ್ಚುಗಳಿಗೆ ಕೊಡುವ ಬಸಿಲಿಕಾ ಎಂಬ ಗೌರವ ಸಿಕ್ಕಿತು. ಹರಕೆ ಹೊತ್ತ ಜನ ಮಾತ್ರ ಅದಕ್ಕೂ ಎಷ್ಟೋ ಮೊದಲಿನಿಂದ ಬರುತ್ತಿದ್ದಾರೆ.

ಮೇಣದ ಬತ್ತಿ ಹಚ್ಚುವಲ್ಲಿ ಸ್ವಲ್ಪ ಹೊತ್ತು ನಿಂತರೆ ನಮ್ಮ ಊರುಗಳ ಆಸೆಗಳೆಲ್ಲ ಕಿವಿಗೆ ಬೀಳುತ್ತವೆ. ಮಗನಿಗೆ ದುಬೈ ವೀಸಾ ಆಗಲಿ. ಮಗಳಿಗೆ ಮೆಡಿಕಲ್ ಸೀಟು ಸಿಗಲಿ. ಜಾಗದ ಕೇಸು ನಮ್ಮ ಕಡೆ ಆಗಲಿ. ಇದರಲ್ಲಿ ನನಗೇನೂ ತಪ್ಪು ಕಾಣಿಸುವುದಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ದಿನದ ಆಹಾರ ಕೇಳುವ ಸಾಲಿದೆ. ದೇವರ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳೋಣ? ಆದರೆ ಒಂದು ವಿಚಿತ್ರ ಇದೆ. ಆಸ್ತಿ, ಪದವಿ ಕೊಡಿಸು ಎಂದು ನಾವು ಯಾರ ಮುಂದೆ ಕೈಮುಗಿದು ನಿಂತಿದ್ದೇವೋ, ಆತ ಆಸ್ತಿಯ ವಿಷಯಕ್ಕೇ ಪ್ರಾಣ ಬಿಟ್ಟವನು. ಬೇಕೆಂದು ಹಿಡಿದುಕೊಂಡು ಅಲ್ಲ, ಹಂಚಿಬಿಟ್ಟು.

ಕ್ರಿ.ಶ. 258ರ ರೋಮ್. ಚಕ್ರವರ್ತಿ ವಲೇರಿಯನ್ ಆ ವರ್ಷ ಒಂದು ಆಜ್ಞೆ ಹೊರಡಿಸಿದ. ಬಿಷಪರು, ಗುರುಗಳು (ಪಾದ್ರಿಗಳು), ಅವರ ಕೈಕೆಳಗೆ ಚರ್ಚಿನ ಸೇವೆ ನೋಡಿಕೊಳ್ಳುವ ಡೀಕನ್‌ಗಳು ಸಿಕ್ಕರೆ ಕೂಡಲೇ ಕೊಲ್ಲಬೇಕು. ದೊಡ್ಡ ಅಧಿಕಾರದಲ್ಲಿರುವ ಕ್ರೈಸ್ತರ ಲೆಕ್ಕ ಬೇರೆ. ಅವರ ಪದವಿ ಮೊದಲು ಹೋಗುತ್ತದೆ, ಜೊತೆಗೇ ಆಸ್ತಿ. ಅಷ್ಟಾದ ಮೇಲೂ ವಿಶ್ವಾಸ ಬಿಡೆ ಎಂದರೆ ತಲೆ. ಶ್ರೀಮಂತ ಮನೆತನದ ಹೆಂಗಸರಾದರೆ ಆಸ್ತಿ ಮುಟ್ಟುಗೋಲು, ಗಡೀಪಾರು. ಆಜ್ಞೆ ಬರೆದವನಿಗೆ ಮನುಷ್ಯನ ಸ್ವಭಾವ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ಜೀವಕ್ಕಿಂತ ಮೊದಲು ಕುರ್ಚಿ ಮತ್ತು ಮನೆಗೆ ಕೈ ಹಾಕಿದರೆ ಅರ್ಧ ಜನ ಅಲ್ಲೇ ಬಗ್ಗುತ್ತಾರೆ, ಅಲ್ವಾ?

ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸ್ ಸ್ಮಶಾನದಲ್ಲಿ ಪೂಜೆಗೆ ಸೇರಿದ್ದಾಗಲೇ ಸೈನಿಕರ ಕೈಗೆ ಸಿಕ್ಕಿದರು. ಅವರನ್ನೂ ಕೆಲವು ಡೀಕನ್‌ಗಳನ್ನೂ ಕೊಂದರು. ಉಳಿದ ಡೀಕನ್‌ಗಳಲ್ಲಿ ಲಾರೆನ್ಸ್ ಮುಖ್ಯ. ಚರ್ಚಿನ ಹಣಕಾಸು, ಬಡವರಿಗೆ ಹಂಚುವ ಕೆಲಸ ಅವನ ಕೈಯಲ್ಲಿತ್ತು. ಇವತ್ತಿನ ಮಾತಲ್ಲಿ ಹೇಳಿದರೆ ಖಜಾಂಚಿ. ನಗರದ ಅಧಿಕಾರಿಗೆ ಬೇಕಾದದ್ದೂ ಅದೇ. ನಿಮ್ಮ ಚರ್ಚಿನಲ್ಲಿ ಬಂಗಾರದ ಪಾತ್ರೆ, ಬೆಳ್ಳಿ ದೀಪ ಇದೆಯಂತೆ, ತಂದೊಪ್ಪಿಸು ಎಂದ. ಲಾರೆನ್ಸ್ ಇಲ್ಲ ಅನ್ನಲಿಲ್ಲ. ಹೌದು, ಚರ್ಚು ಶ್ರೀಮಂತವೇ, ಲೆಕ್ಕ ಮಾಡಬೇಕು, 3 ದಿನ ಟೈಮ್ ಕೊಡಿ ಎಂದ.

ಆ 3 ದಿನ ಅವನು ಮಾಡಿದ ಕೆಲಸ ನನಗೆ ಈ ಕತೆಯಲ್ಲೇ ಅತಿ ಇಷ್ಟದ ಭಾಗ. ಬೆಂಕಿಯ ಭಾಗ ಎಲ್ಲರಿಗೂ ಗೊತ್ತು, ಚಿತ್ರಗಳಲ್ಲಿ ಇರುವುದೂ ಅದೇ. ಇದು ಅಷ್ಟಾಗಿ ಗೊತ್ತಿಲ್ಲ. ಅವನ ಕಾಲಕ್ಕೆ ಸುಮಾರು 150 ವರ್ಷ ನಂತರ ಒಬ್ಬ ಲ್ಯಾಟಿನ್ ಕವಿ ಇದನ್ನು ಹಾಡು ಕಟ್ಟಿದ. ಅದರಲ್ಲಿ ಲಾರೆನ್ಸ್ ರೋಮಿನ ಬೀದಿ ಬೀದಿ ಸುತ್ತುತ್ತಾನೆ. ಕುರುಡರು, ಕಾಲಿಲ್ಲದವರು, ಹುಣ್ಣು ತುಂಬಿದವರು, ಭಿಕ್ಷೆ ಬೇಡುವವರು, ಎಲ್ಲರನ್ನೂ ಸೇರಿಸುತ್ತಾನೆ. ಒಬ್ಬೊಬ್ಬರ ಹೆಸರನ್ನೂ ಬರೆದುಕೊಳ್ಳುತ್ತಾನೆ. ಲೆಕ್ಕ ಒಪ್ಪಿಸಬೇಕಲ್ಲ! ಆಮೇಲೆ ಅಧಿಕಾರಿಯನ್ನು ಕರೆದು ಸಾಲಾಗಿ ನಿಂತವರನ್ನು ತೋರಿಸುತ್ತಾನೆ. ನೀವು ಕೇಳಿದ ಸಂಪತ್ತು ಇದೇ ಸ್ವಾಮಿ. ವಿಧವೆಯರು, ದೇವರಿಗೆ ಬದುಕು ಕೊಟ್ಟ ಕನ್ಯೆಯರು ನಮ್ಮ ಒಡವೆ.

ಇದು ಬರೀ ಜಾಣ ಉತ್ತರ ಅಂತ ತಿಳಿಯಬೇಡಿ. ಅದಕ್ಕೆ 7 ವರ್ಷ ಮೊದಲು, 251ರಲ್ಲಿ, ಪೋಪ್ ಕೊರ್ನೇಲಿಯುಸ್ ಬರೆದ ಒಂದು ಪತ್ರದ ಭಾಗ ಇವತ್ತಿಗೂ ಉಳಿದಿದೆ. ಅದರಲ್ಲಿ ರೋಮಿನ ಚರ್ಚಿನ ಲೆಕ್ಕ ಇದೆ. 46 ಗುರುಗಳು, 7 ಡೀಕನ್‌ಗಳು, ಚರ್ಚು ಸಾಕುತ್ತಿದ್ದ ವಿಧವೆಯರು ಮತ್ತು ಕಷ್ಟದಲ್ಲಿರುವವರು 1,500ಕ್ಕೂ ಜಾಸ್ತಿ. ಕಾನೂನಿನ ಕಣ್ಣಲ್ಲಿ ಅಪರಾಧಿಗಳಾದ ಜನ ಇಷ್ಟು ಹೊಟ್ಟೆ ತುಂಬಿಸುತ್ತಿದ್ದರು. ಲಾರೆನ್ಸ್ ತೋರಿಸಿದ್ದು ನಿಜವಾದ ಲೆಕ್ಕವನ್ನೇ. ಅಧಿಕಾರಿಗೆ ಓದಲು ಬರಲಿಲ್ಲ, ಅಷ್ಟೆ.

ಆಗಸ್ಟ್ 10ರಂದು ಅವನನ್ನು ಕೊಂದರು. ಕಬ್ಬಿಣದ ಸರಳಿನ ಮಂಚದ ಮೇಲೆ ಮಲಗಿಸಿ ಕೆಳಗೆ ಕೆಂಡ ಹಾಕಿದರು ಎನ್ನುತ್ತದೆ ಪರಂಪರೆ. ಅದಕ್ಕೇ ಹೆಚ್ಚಿನ ಮೂರ್ತಿಗಳಲ್ಲಿ ಅವನ ಕೈಯಲ್ಲಿ ಆ ಸರಳಿನ ಚೌಕಟ್ಟು. ಈ ಮಗ್ಗುಲು ಬೆಂದಿದೆ, ಇನ್ನೊಂದು ಮಗ್ಗುಲು ತಿರುಗಿಸಿ ಎಂದು ತಮಾಷೆ ಮಾಡಿದನಂತೆ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಮಾತ್ರ ಇಂಥ ತಮಾಷೆ ಬರುತ್ತದೆ. ಇತ್ತ ವಲೇರಿಯನ್ 260ರಲ್ಲಿ ಪರ್ಷಿಯದ ರಾಜ ಶಾಪುರನ ಕೈಗೆ ಸೆರೆಸಿಕ್ಕಿ ಸೆರೆಯಲ್ಲೇ ಸತ್ತ. ಶಾಪುರನ ಮುಂದೆ ಅವನು ಸೋತು ನಿಂತ ಶಿಲ್ಪ ಇರಾನಿನ ಬಂಡೆಯಲ್ಲಿ ಇವತ್ತಿಗೂ ಇದೆ.

ಜಾತ್ರೆಯ ದಿನ ಅತ್ತೂರಿನ ದಾರಿಯಲ್ಲೂ ಒಂದು ಸಾಲು ಕೂತಿರುತ್ತದೆ. ಮುಂದೆ ಬಟ್ಟೆ ಹಾಸಿಕೊಂಡವರು, ಸ್ಟೀಲ್ ತಟ್ಟೆ ಹಿಡಿದವರು. ನಾವು ನೋಟು ಕೊಟ್ಟು ಚಿಲ್ಲರೆ ಮಾಡಿಸಿಕೊಂಡು ಒಂದೊಂದು ತಟ್ಟೆಗೆ ಒಂದೊಂದು ನಾಣ್ಯ ಹಾಕುತ್ತಾ ಹೋಗುತ್ತೇವೆ. ಮುಖ ನೋಡುವುದು ಕಡಿಮೆ. ಒಮ್ಮೆ ನನ್ನ ಮುಂದೆ ಒಬ್ಬಳು ಹುಡುಗಿ ಹಾಗೆಯೇ ನಾಣ್ಯ ಹಾಕುತ್ತಾ ಹೋಗುತ್ತಿದ್ದಳು. ಒಬ್ಬ ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದರು. ದುಡ್ಡು ಬೇಡ ಮಗಾ, ಈ ಕಾಲಲ್ಲಿ ನನಗೆ ಮೇಲೆ ಹೋಗಲಿಕ್ಕೆ ಆಗುವುದಿಲ್ಲ, ನನ್ನ ಹೆಸರಲ್ಲಿ ಒಂದು ಕ್ಯಾಂಡಲ್ ಹಚ್ಚಿ ಬಾ ಎಂದರು. ಹೆಸರು ಹೇಳಿದರು. ಹುಡುಗಿ ತಲೆಯಾಡಿಸಿ ಹೋದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಆ ನೂಕುನುಗ್ಗಲಿನಲ್ಲಿ ಎದುರು ದಿಕ್ಕಿಗೆ ನುಗ್ಗಿಕೊಂಡು ವಾಪಸ್ ಬರುತ್ತಿದ್ದಾಳೆ. ಹೆಸರು ಮರೆತುಹೋಗಿತ್ತು! ಇನ್ನೊಮ್ಮೆ ಕೇಳಿಕೊಂಡು, ಬಾಯಲ್ಲಿ ಅದನ್ನೇ ಹೇಳಿಕೊಳ್ಳುತ್ತಾ ಮತ್ತೆ ಹತ್ತಿದಳು. ಲಾರೆನ್ಸ್ ತನ್ನ ಜಾತ್ರೆಯಲ್ಲಿ ಅದಕ್ಕಿಂತ ಒಳ್ಳೆಯ ಹರಕೆ ಆ ದಿನ ಕಂಡಿರಲಿಕ್ಕಿಲ್ಲ.

ಆಸ್ತಿಯ ಮಾತಾಯಿತು. ಸಾಧನೆಯ ಮಾತು ಇನ್ನೂ ಕಷ್ಟ. ಹಣ ಬಿಟ್ಟವರು ಸಿಗುತ್ತಾರೆ, ಹೆಸರು ಬಿಟ್ಟವರು ಸಿಗುವುದು ಅಪರೂಪ. ನಮ್ಮ ಕಡೆ ಯಾವ ಸಮಾರಂಭಕ್ಕೆ ಹೋದರೂ ನೋಡಿ. ಸ್ವಾಗತ ಭಾಷಣದಲ್ಲಿ ಡಿಗ್ರಿ, ಹುದ್ದೆ, ಯಾವ ದೇಶದಲ್ಲಿ ಎಷ್ಟು ವರ್ಷ, ಎಲ್ಲ ಬರಬೇಕು. ಒಂದು ಬಿಟ್ಟುಹೋದರೆ ಮನೆಯವರಿಗೆ ಬೇಜಾರು. ಇಗರ್ಜಿಯ ಬೆಂಚಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು. ತಿರುಗುವಾಗ ಓದಲಿಕ್ಕೆ ಆಗುವುದಿಲ್ಲ ಅನ್ನುವುದೊಂದು ಸಮಾಧಾನ.

ಕ್ರೈಸ್ತ ಧರ್ಮದ ಮೊದಲ ಕಾಲದ ಪ್ರಚಾರಕ ಸಂತ ಪೌಲನಿಗೂ ಇಂಥದ್ದೊಂದು ಪಟ್ಟಿ ಇತ್ತು. ಬೈಬಲಿನಲ್ಲಿರುವ, ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ತಾನೇ ಕೊಡುತ್ತಾನೆ, ಪಕ್ಕಾ ಬಯೋಡೇಟಾದ ಹಾಗೆ. ಹುಟ್ಟಿದ ಎಂಟನೇ ದಿನಕ್ಕೆ ಸುನ್ನತಿ, ಇಸ್ರಯೇಲ್ ವಂಶ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರದಲ್ಲಿ ಫರಿಸಾಯ (ಕಟ್ಟಳೆ ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು), ನಡತೆಯಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ. ಗಮನಿಸಿ, ಚರ್ಚನ್ನು ಹಿಂಸಿಸಿದೆ ಎಂಬ ಒಂದು ಸಾಲು ಬಿಟ್ಟರೆ ಇದರಲ್ಲಿ ಕೆಟ್ಟದ್ದು ಒಂದೂ ಇಲ್ಲ. ಕಳ್ಳತನ ಬಿಟ್ಟೆ, ಕುಡಿತ ಬಿಟ್ಟೆ ಅಂತ ಅವನು ಹೇಳುತ್ತಿಲ್ಲ. ಕಷ್ಟಪಟ್ಟು ಗಳಿಸಿದ್ದು, ಹಿರಿಯರಿಂದ ಬಂದದ್ದು, ಒಳ್ಳೆಯದೇ ಆದದ್ದು. ಅಷ್ಟನ್ನೂ ಒಂದು ಕಡೆ ಇಟ್ಟು, ಕ್ರಿಸ್ತನನ್ನು ಅರಿಯುವುದರ ಮುಂದೆ ಇದೆಲ್ಲ ಕಸ ಎನ್ನುತ್ತಾನೆ. ಅದೂ ಜೈಲಿನಲ್ಲಿ ಕೂತು. ಆ ಪಟ್ಟಿಯ ಒಂದು ಸಾಲೂ ಅವನನ್ನು ಅಲ್ಲಿಂದ ಬಿಡಿಸುವಂತಿರಲಿಲ್ಲ. ಅದೇ ಪತ್ರದಲ್ಲಿ ಮತ್ತೆ ಮತ್ತೆ ಸಂತೋಷಪಡಿ ಎಂದು ಬರೆಯುತ್ತಾನೆ. ಸುಮ್ನೆ ಬಾಯಿಮಾತಿಗೆ ಬರೆದದ್ದಾದರೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ.

ಕರಾವಳಿಯ ಕ್ರೈಸ್ತರಿಗೆ ಇದು ಬರೀ ಬೈಬಲಿನ ಪಾಠ ಅಲ್ಲ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಹೊರಡಿಸಿದರು. ಅತ್ತೂರಿನದೂ ಸೇರಿ ಇಗರ್ಜಿಗಳು ನೆಲಸಮವಾದವು. ಗದ್ದೆ, ತೋಟ, ಮನೆ ಹೋದವು. ದಾರಿಯಲ್ಲೇ ಎಷ್ಟೋ ಜನ ತೀರಿಕೊಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಊರಿಗೆ ಬಂದರು. ಇವತ್ತು ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳಲು ಈ ಕತೆ ಎತ್ತುವವರು ಇದ್ದಾರೆ. ನನಗೆ ಅದು ಬೇಡ. ನನಗೆ ಬೇಕಾದದ್ದು, ಬರಿಗೈಯಲ್ಲಿ ಬಂದ ಆ ಜನ ಮತ್ತೆ ಇಗರ್ಜಿ ಕಟ್ಟಲು ಹೊರಟರಲ್ಲ, ಅದು. 15 ವರ್ಷದಲ್ಲಿ ಅವರಿಂದ ಕಿತ್ತುಕೊಳ್ಳಲು ಆಗದೇ ಉಳಿದದ್ದು ಅದೊಂದೇ. ಲಾರೆನ್ಸರ ಮರದ ಪುಟ್ಟ ಮೂರ್ತಿಯನ್ನು ಹೊತ್ತು ತರುವಾಗ ಒಂದು ಕಡೆ ಇಳಿಸಿ ದಣಿವಾರಿಸಿಕೊಂಡರಂತೆ, ಆಮೇಲೆ ಎಷ್ಟು ಎತ್ತಿದರೂ ಅದು ಮೇಲೇಳಲಿಲ್ಲವಂತೆ. ಅಲ್ಲೇ ಇಗರ್ಜಿ ಎದ್ದಿತು ಎಂದು ಹಿರಿಯರು ಹೇಳುತ್ತಾರೆ. ಬಂಗಾರದ ಮೂರ್ತಿ ಅಲ್ಲ, ಮರದ್ದು.

ಕಾರ್ಕಳದವರಿಗೆ ಬಿಡುವ ಪಾಠ ಬೇರೆ ಕಡೆಯಿಂದಲೂ ಗೊತ್ತಿದೆ ಅನ್ನಿ. ಅದೇ ಊರಿನ ಬಂಡೆಗುಡ್ಡದ ಮೇಲೆ 1432ರಿಂದ ಗೊಮ್ಮಟ ನಿಂತಿದ್ದಾನೆ. ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನೇ ಬಿಟ್ಟು ನಡೆದವನು. ಬಾಹುಬಲಿಯ ದಾರಿ ಬೇರೆ, ಲಾರೆನ್ಸನ ದಾರಿ ಬೇರೆ, ಎರಡನ್ನೂ ಒಂದೇ ಅನ್ನುವುದು ಎರಡಕ್ಕೂ ಮರ್ಯಾದೆ ಅಲ್ಲ. ಒಬ್ಬ ಎಲ್ಲವನ್ನೂ ಬಿಟ್ಟು ಒಂಟಿಯಾಗಿ ತಪಸ್ಸಿಗೆ ನಿಂತ. ಇನ್ನೊಬ್ಬ ಇದ್ದದ್ದನ್ನೆಲ್ಲ ಕೊಟ್ಟು ಜನರ ಮಧ್ಯೆ ನಿಂತ. ಆದರೂ ಜಾತ್ರೆಗೆ ಬರುವ ಜೈನ ಕುಟುಂಬಗಳಿಗೆ ಲಾರೆನ್ಸ್ ಪರಕೀಯ ಅನಿಸದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದೇನೋ.

ಹಾಗಾದರೆ ಮನೆ ಕಟ್ಟಬಾರದಾ, ಮಕ್ಕಳನ್ನು ಓದಿಸಬಾರದಾ? ಇಗರ್ಜಿಯಲ್ಲಿ ಗುರುಗಳ ಪ್ರಸಂಗ ಕೇಳಿ ಹೊರಬರುವಾಗ ಈ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಲಾರೆನ್ಸನನ್ನೇ ನೋಡಿ. ಅವನು ಹಣವನ್ನು ಮುಟ್ಟದ ಸನ್ಯಾಸಿ ಅಲ್ಲ. ಹಣ ನೋಡಿಕೊಳ್ಳುವುದೇ ಅವನ ಕೆಲಸ, ಅದನ್ನು ಅಚ್ಚುಕಟ್ಟಾಗಿ ಮಾಡಿದವನು. ದುಡ್ಡಿನ ಬೆಲೆ ಗೊತ್ತಿಲ್ಲದವನು 1,500 ಜನರಿಗೆ ಊಟ ಹಾಕಲಾರ. ಯೇಸುವಿನ ಬದುಕು ಹೇಳುವ ಬೈಬಲಿನ ಭಾಗವಾದ ಶುಭಸಂದೇಶದಲ್ಲಿ ಬರುವ ಒಬ್ಬ ಶ್ರೀಮಂತ ಯುವಕನಿಗೂ ಇವನಿಗೂ ಇರುವ ವ್ಯತ್ಯಾಸ ಇದ್ದ ಆಸ್ತಿಯದ್ದಲ್ಲ. ಯುವಕ ಎಲ್ಲ ಕಟ್ಟಳೆ ಪಾಲಿಸಿದ್ದ, ಮಾರಿ ಬಡವರಿಗೆ ಕೊಡು ಎಂದಾಗ ಮಾತ್ರ ಮುಖ ಸಪ್ಪೆ ಮಾಡಿಕೊಂಡು ಹೋದ. ಲಾರೆನ್ಸನಿಗೆ ಕೇಳಿದ್ದೂ ಹೆಚ್ಚುಕಡಿಮೆ ಅದೇ. ಅವನು 3 ದಿನದಲ್ಲಿ ಮುಗಿಸಿದ.

ಗಲ್ಫಿನಿಂದ ಕೆಲಸ ಕಳೆದುಕೊಂಡು ಬಂದ ನಮ್ಮ ಪರಿಚಯದವರೊಬ್ಬರು ಹೇಳಿದ್ದು ನೆನಪಾಗುತ್ತದೆ. ಅಲ್ಲಿದ್ದಾಗ ಪ್ರತಿ ವರ್ಷ ಅತ್ತೂರಿಗೆ ದೊಡ್ಡ ಹರಕೆ ಕಳಿಸುತ್ತಿದ್ದರು. ಕೆಲಸ ಹೋದ ವರ್ಷ ಸಂತರ ಮೇಲೇ ಮುನಿಸು. ಆಮೇಲೆ ಒಂದು ದಿನ ಅವರಿಗೇ ನಗು ಬಂತಂತೆ. "ನಾನು ಇಷ್ಟು ವರ್ಷ ಕಳಿಸಿದ್ದು ಹರಕೆ ಅಲ್ಲ ಮಾರಾಯ್ರೆ, ಇನ್ಶೂರೆನ್ಸ್ ಪ್ರೀಮಿಯಂ," ಅಂದರು. ಈಗ ಊರಲ್ಲೇ ಸಣ್ಣ ಕೆಲಸ ಮಾಡುತ್ತಾರೆ. ವಾರಕ್ಕೊಮ್ಮೆ ವಿನ್ಸೆಂಟ್ ದಿ ಪೌಲ್ ಸಂಘದವರ ಜೊತೆ ಬಡವರ ಮನೆಗಳಿಗೆ ಹೋಗುತ್ತಾರೆ. ವಿಶ್ವಾಸ ಈಗ ಜಾಸ್ತಿಯಾಗಿದೆಯಾ ಎಂದು ಕೇಳಿದರೆ, ಗೊತ್ತಿಲ್ಲ, ಲೆಕ್ಕ ಇಡುವುದು ಬಿಟ್ಟಿದ್ದೇನೆ ಅನ್ನುತ್ತಾರೆ.

ಜಾತ್ರೆ ಜನವರಿಯಲ್ಲಾದರೂ ಲಾರೆನ್ಸರ ನಿಜವಾದ ಹಬ್ಬದ ದಿನ ಆಗಸ್ಟ್ 10. ಆವತ್ತಿನ ಹಬ್ಬದ ಪೂಜೆಯಲ್ಲಿ ಬೈಬಲಿನ ಎರಡು ವಾಚನ ಓದುತ್ತಾರೆ. ಒಂದು, ಮನಸ್ಸಿಲ್ಲದೆ ಕೊಡಬೇಡಿ, ಸಂತೋಷದಿಂದ ಕೊಡುವವನು ದೇವರಿಗೆ ಇಷ್ಟ ಎಂದು ಪೌಲ ಕೊರಿಂಥದವರಿಗೆ ಬರೆದದ್ದು. ಇನ್ನೊಂದು, ಮಣ್ಣಿಗೆ ಬಿದ್ದು ಸಾಯುವ ಗೋಧಿಕಾಳಿನ ಮಾತು, ಯೋಹಾನನ ಶುಭಸಂದೇಶದಿಂದ. ಆ ದಿನ ಬಳೆ ಅಂಗಡಿ ಇಲ್ಲ, ಬಲೂನು ಇಲ್ಲ, ಸ್ಪೆಷಲ್ ಬಸ್ಸೂ ಇಲ್ಲ. ಕೇಳಿಕೊಳ್ಳಲು ಏನೂ ಇಲ್ಲದೆ ಅತ್ತೂರಿಗೆ ಹೋಗಿ ಬರಬೇಕು ಅನಿಸಿದರೆ ಆ ದಿನ ಹೋಗಿ. ಪೂಜೆಯ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಕೊಡೆ ಮರೆಯಬೇಡಿ, ತುಳುವರ ಆಟಿ ತಿಂಗಳ ಮಳೆ ಇರುತ್ತದೆ.