ಗೌರಿ ಹಬ್ಬಕ್ಕೆ ಜಡೆ ಕುಚ್ಚು, ಸ್ಕ್ರಂಚಿ, ಜಾರದ ತುರುಬು

24 ಆಗಸ್ಟ್ 2025, ಭಾನುವಾರ

ನಾಡಿದ್ದು ಮಂಗಳವಾರ ಗೌರಿ, ಮಾರನೆಯ ದಿನ ಗಣೇಶ. ಲಂಗ-ಸೀರೆಗೆ ಹೊಂದುವ ಜಡೆ ಸಾಮಾನು ಹುಡುಕುತ್ತಾ ಅಂಗಡಿ ಅಲೆಯಬೇಕಿಲ್ಲ. ಬ್ಲೌಸ್ ಹೊಲಿಸಿ ಉಳಿದ ತುಂಡು, ಸೀರೆ ಕುಚ್ಚಿಗೆ ಬಳಸುವ ರೇಷ್ಮೆ ದಾರದ ರೀಲು, ಸ್ವಲ್ಪ ಜರಿ ದಾರ, ಕಾಲು ಇಂಚಿನ ಎಲಾಸ್ಟಿಕ್, ನಾಲ್ಕಾರು ಮಣಿ, ಇಷ್ಟರಲ್ಲಿ ಒಂದು ಮನೆಯ ಹೆಣ್ಣುಮಕ್ಕಳಿಗೆಲ್ಲ ಆಗುತ್ತದೆ. ಕೈಕೆಲಸ ಇವತ್ತು, ನಾಳೆ ಮುಗಿಸಿಕೊಂಡರೆ ಹಬ್ಬದ ಬೆಳಗ್ಗೆ ಹೆಣೆಯುವುದಷ್ಟೇ ಉಳಿಯುತ್ತದೆ.

ಕುಚ್ಚಿನಿಂದ ಶುರು ಮಾಡಿ, ಸಮಯ ಹಿಡಿಯುವುದು ಅದೇ. 3 ಇಂಚು ಅಗಲದ ಗಟ್ಟಿ ರಟ್ಟಿಗೆ ರೇಷ್ಮೆ ದಾರವನ್ನು 100 ಸುತ್ತು ಸುತ್ತಿ. ದಾರ ತೀರ ಸಣ್ಣದಿದ್ದರೆ 150. ಮೇಲಂಚಿನಲ್ಲಿ ಎಲ್ಲ ಎಳೆಗಳ ಅಡಿಯಿಂದ ಇನ್ನೊಂದು ದಾರ ತೂರಿಸಿ ಎರಡು ಗಂಟು ಹಾಕಿ. ಈ ಕಟ್ಟುವ ದಾರ ಎಂಟು ಎಳೆ ಸೇರಿಸಿದ್ದಿರಲಿ. ಒಂಟಿ ಎಳೆಯಲ್ಲಿ ಕಟ್ಟಿದ ಕುಚ್ಚು ಕಳಚುವುದೇ ಇಲ್ಲಿ. ಕೆಳಂಚನ್ನು ಕತ್ತರಿಸಿ ರಟ್ಟು ತೆಗೆದು, ಗಂಟಿನ ಕೆಳಗೆ 8 ಮಿ.ಮೀ. ಮಣಿಯೊಂದನ್ನು ಎಳೆಗಳ ನಡುವೆ ಮುಚ್ಚಿಟ್ಟು, ಮಣಿಯ ಬುಡದಲ್ಲಿ ಜರಿ ದಾರವನ್ನು 12 ಸುತ್ತು ಬಿಗಿಯಾಗಿ ಸುತ್ತಿ. ಆಗ ತಲೆ ಗುಂಡಗೆ ನಿಲ್ಲುತ್ತದೆ. ಜರಿಯ ಕೊನೆಯನ್ನು ಸೂಜಿಯಿಂದ ಸುತ್ತಿನೊಳಕ್ಕೆ ಎಳೆದು ಒಂದು ಹನಿ ಬಟ್ಟೆಯ ಅಂಟು ಹಾಕಿ.

ಕೃತಕ ರೇಷ್ಮೆ ದಾರ ರೀಲಿನಿಂದ ಬರುವಾಗಲೇ ಸುರುಳಿಯಾಗಿರುತ್ತದೆ, ಹಾಗಾಗಿ ಹೊಸ ಕುಚ್ಚು ಕೆದರಿದಂತೆ ಕಾಣುತ್ತದೆ. ಕುದಿಯುವ ನೀರಿನ ಹಬೆಗೆ ಹತ್ತಿಪ್ಪತ್ತು ಸೆಕೆಂಡು ಹಿಡಿದು ಸಣ್ಣ ಹಲ್ಲಿನ ಬಾಚಣಿಗೆಯಿಂದ ಇಳಿಬಾಚಿ. ಕೈಯಲ್ಲಿ ಹಿಡಿಯಬೇಡಿ, ಇಕ್ಕಳದಲ್ಲಿ ಹಿಡಿಯಿರಿ. ತುದಿ ಸಮ ಮಾಡುವುದು ಹಬೆಯ ನಂತರ. ಮೊದಲೇ ಕತ್ತರಿಸಿದರೆ ಸುರುಳಿ ಬಿಚ್ಚಿದಾಗ ಒಂದೊಂದು ಎಳೆ ಒಂದೊಂದು ಉದ್ದ ಆಗುತ್ತದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ, ಕೃತಕ ದಾರ ಕರಗುತ್ತದೆ.

ಇಂಥ ಮೂರು ಕುಚ್ಚು ಬೇಕು. ಒಂದೊಂದಕ್ಕೂ 8 ಇಂಚಿನ ಕಪ್ಪು ದಾರದ ಹುರಿ ಕಟ್ಟಿ, ಮೂರೂ ಹುರಿಗಳ ಮೇಲ್ತುದಿಯನ್ನು ಒಂದೇ ಗಂಟಿಗೆ ಸೇರಿಸಿ. ಜಡೆ ಹೆಣೆಯುತ್ತಾ ಕೊನೆಯ 6 ಇಂಚು ಉಳಿದಾಗ ಗಂಟನ್ನು ಜಡೆಯ ಒಳಮೈಗೆ ಇಟ್ಟು, ಒಂದೊಂದು ಕಾಲಿನ ಜತೆಗೆ ಒಂದೊಂದು ಹುರಿ ಸೇರಿಸಿ ಹೆಣೆದು ಮುಗಿಸಿ. ಜಡೆಯ ತುದಿಗೆ ಬರೀ ಕಟ್ಟಿದ ಕುಚ್ಚು ಮಕ್ಕಳು ಓಡಾಡುವಾಗ ಜಾರುತ್ತದೆ. ಹೆಣಿಗೆಯೊಳಗೆ ಹೋದದ್ದು ಜಡೆ ಬಿಚ್ಚುವವರೆಗೂ ಕದಲುವುದಿಲ್ಲ.

ಸ್ಕ್ರಂಚಿ, ಅಂದರೆ ಎಲಾಸ್ಟಿಕ್ ಮೇಲೆ ನೆರಿಗೆಯಾಗಿ ನಿಲ್ಲುವ ಬಟ್ಟೆಯ ಜುಟ್ಟಿನ ಬ್ಯಾಂಡು, ಮಾಡುವುದು ಸುಲಭ. ದೊಡ್ಡವರಿಗೆ 22 ಇಂಚು ಉದ್ದ, 4 ಇಂಚು ಅಗಲದ ಪಟ್ಟಿ, 8 ಇಂಚು ಎಲಾಸ್ಟಿಕ್. ಚಿಕ್ಕ ಹುಡುಗಿಗೆ 16 ಇಂಚು, 3 ಇಂಚು, ಎಲಾಸ್ಟಿಕ್ 6 ಇಂಚು. ಬಟ್ಟೆಯ ಒಳಮೈ ಹೊರಗೆ ಬರುವಂತೆ ಉದ್ದಕ್ಕೆ ಮಡಚಿ, ಅಂಚಿನಿಂದ 1 ಸೆಂ.ಮೀ. ಒಳಗೆ ಹೊಲಿದು, ಪಿನ್ನು ಚುಚ್ಚಿ ಎಳೆದು ಮಗುಚಿ. ಅದೇ ಪಿನ್ನಿಗೆ ಎಲಾಸ್ಟಿಕ್ ಸಿಕ್ಕಿಸಿ ಒಳಗೆ ದಾಟಿಸಿ, ತುದಿಗಳನ್ನು ಅರ್ಧ ಇಂಚು ಒಂದರ ಮೇಲೊಂದು ಇಟ್ಟು ಹೊಲಿದು ಬಾಯಿ ಮುಚ್ಚಿ. ಗಂಟು ಹಾಕಿದರೆ ಅದು ಕೂದಲಿಗೆ ಒತ್ತುತ್ತದೆ. ರೇಷ್ಮೆ ತುಂಡಿನ ಅಂಚು ಎಳೆ ಬಿಡುತ್ತದೆ, ಆದ್ದರಿಂದ 1 ಸೆಂ.ಮೀ.ಗಿಂತ ಕಡಿಮೆ ಬಿಡಲೇಬೇಡಿ. ಜರಿ ಅಂಚಿರುವ ತುಂಡಾದರೆ ಜರಿ ಹೊರಸುತ್ತಿಗೆ ಬರಲಿ. ಒಳಸುತ್ತಿಗೆ ಬಂದ ಜರಿ ಕೂದಲನ್ನು ಕಿತ್ತು ತರುತ್ತದೆ. ನುಣುಪು ಕೂದಲಿಗೆ ರೇಷ್ಮೆಗಿಂತ ಹತ್ತಿಯದೇ ಚೆನ್ನಾಗಿ ಹಿಡಿಯುತ್ತದೆ. ಪೊಟ್ಟಣ ಕಟ್ಟುವ ರಬ್ಬರ್ ಬ್ಯಾಂಡನ್ನಂತೂ ಮಕ್ಕಳ ತಲೆಗೆ ಹಾಕಲೇಬಾರದು, ಬಿಚ್ಚುವಾಗ ಕೂದಲು ತುಂಡಾಗುತ್ತದೆ.

ಇನ್ನು ತುರುಬು. ತುರುಬು ಬಿದ್ದುಹೋಗುತ್ತದೆ ಎಂದು ಪಿನ್ನುಗಳನ್ನು ಹೆಚ್ಚಿಸುತ್ತಾ ಹೋಗುವವರೇ ಜಾಸ್ತಿ, ಆದರೆ ಪಿನ್ನು ಹಾಕುವ ರೀತಿ ಸರಿಯಿದ್ದರೆ ಐದೇ ಸಾಕು. ಯು-ಪಿನ್ನಿನಿಂದ ತುರುಬಿನ ಹೊರ ಅಂಚಿನ ಸ್ವಲ್ಪ ಕೂದಲನ್ನೂ ನೆತ್ತಿಯ ಕಡೆಯ ಸ್ವಲ್ಪ ಕೂದಲನ್ನೂ ಹಿಡಿದು, ಪಿನ್ನನ್ನು ಪೂರ್ತಿ ತಿರುಗಿಸಿ ತುರುಬಿನ ನಡುವಿಗೆ ನೂಕಬೇಕು. ತಿರುಗಿಸದೆ ನೇರ ಚುಚ್ಚಿದ್ದು ಬಂದ ದಾರಿಯಲ್ಲೇ ಜಾರಿ ಹೊರಬರುತ್ತದೆ. ಒತ್ತುವ ಕಪ್ಪು ಪಿನ್ನಿನಲ್ಲಿ ಅಲೆಯಿರುವ ಕಡ್ಡಿ ನೆತ್ತಿಯ ಕಡೆಗಿರಲಿ. ಕೂದಲು ತೆಳುವಾಗಿದ್ದರೆ ಹಳೆಯ ಕಪ್ಪು ಕಾಲುಚೀಲದ ತುದಿ ಕತ್ತರಿಸಿ, 3 ಇಂಚಿನ ಬಳೆಯಾಗುವಂತೆ ಹೊರಮುಖವಾಗಿ ಸುರುಳಿ ಸುತ್ತಿ, ಜುಟ್ಟಿನ ಬುಡಕ್ಕೆ ಇಳಿಸಿ. ಅದರ ಮೇಲೆ ಕೂದಲು ಹರಡಿ ಸ್ಕ್ರಂಚಿ ಹಾಕಿದರೆ ದಪ್ಪ ತುರುಬು.

ಪುಟ್ಟ ಹುಡುಗಿಯರಿಗೆ ಹುರಿ ಜಡೆ ಚೆಂದ, ಎರಡೇ ಕಾಲು. ಎರಡನ್ನೂ ಬಲಕ್ಕೆ ಹೊಸೆದು, ಒಂದರ ಮೇಲೊಂದನ್ನು ಎಡಕ್ಕೆ ಸುತ್ತಬೇಕು, ಹಗ್ಗ ಹೊಸೆದಂತೆ. ಎರಡೂ ಒಂದೇ ದಿಕ್ಕಿಗಾದರೆ ಕೈ ಬಿಟ್ಟೊಡನೆ ಬಿಚ್ಚಿಕೊಳ್ಳುತ್ತದೆ. ಹಣೆಯ ಅಂಚಿನ ಕೂದಲು ಸೆಟೆದು ನಿಲ್ಲುವಷ್ಟು ಎಳೆಯಬೇಡಿ. ದಿನವೂ ಹಾಗೆ ಎಳೆದು ಕಟ್ಟಿದರೆ ಅಲ್ಲಿಯ ಕೂದಲು ತೆಳುವಾಗುತ್ತಾ ಹೋಗುತ್ತದೆ.

ಹಬ್ಬದ ಬೆಳಗ್ಗೆ ತಲೆಗೆ ಎರೆದುಕೊಂಡ ಕೂದಲು ನುಣುಪಾಗಿರುತ್ತದೆ, ಹೆಣಿಗೆ ಜಾರುತ್ತದೆ. ಪೂರ್ತಿ ಒಣಗಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಉದ್ದಕ್ಕೆ ಹಚ್ಚಿ ಹೆಣೆಯಿರಿ. ಒದ್ದೆಯಲ್ಲಿ ಬಿಗಿಯಾಗಿ ಹೆಣೆದ ಕೂದಲು ಹಿಗ್ಗಿ ತುಂಡಾಗುತ್ತದೆ. ಹೂವೂ ಬೇಗ ಬಾಡಿ ಕಂದು ತಿರುಗುತ್ತದೆ.

ಹೂವಿನ ಮಾತು. ಉಡುಪಿ ಮಲ್ಲಿಗೆ ಬಾಳೆನಾರಿನಲ್ಲಿ ಕಟ್ಟಿಯೇ ಬರುತ್ತದೆ. ಒಂದು ಚೆಂಡೆಂದರೆ 800 ಹೂವು, ನಾಲ್ಕು ಚೆಂಡು ಒಂದು ಅಟ್ಟೆ. ತುರುಬಿಗೆ ಸುತ್ತಲು ಅಟ್ಟೆ ಬೇಡ, ಚೆಂಡಿನಲ್ಲೇ ಹಂಚಿಕೊಳ್ಳಬಹುದು. ನಾಳೆ ಸಂಜೆ ತಂದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ನೀರು ಚಿಮುಕಿಸಿಟ್ಟರೆ ಎಸಳಿಗೆ ಕಂದು ಕಲೆ ಬೀಳುತ್ತದೆ. ಮಾಲೆಯ ಎರಡು ತುದಿಗೂ ಒಂದೊಂದು ಪಿನ್ನು ಮೊದಲೇ ಕಟ್ಟಿಟ್ಟುಕೊಳ್ಳಿ. ಮುಡಿಯುವಾಗ ಹೂವಿಗೆ ಚುಚ್ಚದೆ ನಾರಿನ ಗಂಟಿನ ಪಕ್ಕದಲ್ಲಿ ಚುಚ್ಚಿದರೆ ಹೂವು ಉದುರುವುದಿಲ್ಲ.